ಹಳೆಯ ಅಳತೆ

ನನ್ನ ಅಳತೆ ಬ್ಲೌಸ್ ಏಳು ವರ್ಷದಿಂದ ಆರ್.ಟಿ. ನಗರದ ಟೈಲರ್ ಅಂಗಡಿಯಲ್ಲೇ ಇತ್ತು. ಬೇರೆ ಹೆಂಗಸರು ಹೊಲಿಸುವಾಗ ಕೊಟ್ಟು, ಆಮೇಲೆ ಮನೆಗೆ ಒಯ್ಯುತ್ತಾರೆ. ನಾನು ಅಲ್ಲೇ ಬಿಟ್ಟಿದ್ದೆ. ನಾಲ್ಕು ಜನರ ಎದುರು ಮೈಗೆ ಟೇಪು ಸುತ್ತಿಸಿಕೊಳ್ಳುವ ಗ್ರಹಚಾರ ಅದರಿಂದ ತಪ್ಪುತ್ತಿತ್ತು. ಟೈಲರ್ ನನ್ನ ವಯಸ್ಸಿನ ಹೆಂಗಸು, ಮನೆಯಲ್ಲಿ ಉರ್ದು ಮಾತಾಡುವವಳು, ಇಡೀ ಬೀದಿಗೆ ಆಪಾ, ಅಂದರೆ ಅಕ್ಕ.

ನಾನು ಮದುವೆಯಾಗಲಿಲ್ಲ. ಯಾಕೆ ಒಬ್ಬಳೇ ಇದ್ದೀಯ ಅಂದರೆ ಉತ್ತರ ಸಿದ್ಧವಿತ್ತು: ದಪ್ಪ. ಛತ್ರದ ಕುರ್ಚಿಯಲ್ಲಿ ಹಿಡಿಸುವುದಿಲ್ಲ, ಅದಕ್ಕೇ ಯಾರ ಮನೆ ಕಾರ್ಯಕ್ಕೂ ಹೋಗುವುದಿಲ್ಲ. ಭಾನುವಾರ ಎರಡು ಊಟ ಪಾರ್ಸೆಲ್ ತರಿಸಿ, ಒಳಗೆ ಇನ್ನೊಬ್ಬರಿದ್ದಾರೆ ಅನ್ನಿಸಲಿ ಅಂತ ಬಾಗಿಲು ತೆಗೆಯುವ ಮುಂಚೆ ಟಿವಿ ಜೋರು ಮಾಡುತ್ತಿದ್ದೆ.

ಹೊಟ್ಟೆ ಚಿಕ್ಕದು ಮಾಡುವ ಆಪರೇಷನ್‌ಗೆ ಮುಂಚೆ ಹೆಬ್ಬಾಳದ ಆಸ್ಪತ್ರೆಯಲ್ಲಿ ಮನಸ್ಸಿನ ಡಾಕ್ಟರ ಹತ್ತಿರ ಕಳಿಸಿದರು. ತೂಕ ಇಳಿದ ಮೇಲೆ ಏನು ಮಾಡುತ್ತೀರಿ ಎಂದು ಅವರು ಕೇಳಿದರು. ಜನರ ಜೊತೆ ಇರುತ್ತೇನೆ ಅಂದೆ. ಮನೆಯವರಿಗೆ ಹೇಳಿದ್ದೀರಾ ಅಂದರು. ಹೂಂ ಅಂದೆ. ಅದು ಸುಳ್ಳು. ನನಗಿರುವವಳು ಚಿಕ್ಕಬಾಣಾವರದ ಅಕ್ಕ ಒಬ್ಬಳು, ನನ್ನ ಪಿತ್ತಕೋಶದಲ್ಲಿ ಕಲ್ಲು, ಅದನ್ನು ತೆಗೆಸುತ್ತಿದ್ದೇನೆ ಎಂದು ಅವಳಿಗೆ ಹೇಳಿದ್ದೆ. ಬಾಯಿ ಕಟ್ಟಲಾಗದೆ ಹೊಟ್ಟೆ ಕೊಯ್ಸಿಕೊಂಡಳು ಅಂತ ನೆಂಟರೆಲ್ಲ ಆಡಿಕೊಳ್ಳುವುದು ಬೇಡವಾಗಿತ್ತು. ಅಕ್ಕ ಎರಡು ದಿನ ಆಸ್ಪತ್ರೆಯಲ್ಲಿ ಕೂತು, ಕರಿದದ್ದು ತಿನ್ನಬೇಡ ಅಂತ ಹೇಳಿ ಹೋದಳು.

ತೂಕ ಇಳಿಯಿತು. ಅರ್ಧ ಇಡ್ಲಿಗೆ ಹೊಟ್ಟೆ ತುಂಬುತ್ತಿತ್ತು. ಭಾನುವಾರದ ಖಾಲಿ ಮಾತ್ರ ತುಂಬುತ್ತಿರಲಿಲ್ಲ. ಬಸ್ಸಿಗೆ ಈಗಲೂ ಅಡ್ಡ ತಿರುಗಿ ಹತ್ತುತ್ತಿದ್ದೆ, ಇಬ್ಬರ ಸೀಟಿನಲ್ಲಿ ಜಾಗ ಇದ್ದರೂ ನಿಂತೇ ಇರುತ್ತಿದ್ದೆ. ಜನರ ಜೊತೆ ಇರುತ್ತೇನೆ ಅಂದಿದ್ದೆನಲ್ಲ, ಯಾವ ಜನ? ಇಷ್ಟು ವರ್ಷ ನಾನೇ ದೂರ ಇಟ್ಟವರು ಈಗ ಕರೆಯುತ್ತಿರಲಿಲ್ಲ. ದಪ್ಪ ಎಂಬ ನೆಪವೂ ಹೋಗಿತ್ತು. ಅಷ್ಟು ಒಂಟಿಯಾಗಿ ನಾನು ಯಾವತ್ತೂ ಇರಲಿಲ್ಲ.

ಬಟ್ಟೆಯೆಲ್ಲ ಜೋತುಬಿದ್ದ ಮೇಲೆ ಆಪಾ ಪರದೆ ಎಳೆದು ಹೊಸ ಅಳತೆ ತೆಗೆದಳು. ಯಾರಾದರೂ ನನ್ನನ್ನು ಮುಟ್ಟಿ ತಿಂಗಳುಗಳೇ ಆಗಿದ್ದವು. ಕಣ್ಣು ತುಂಬಿತು. ಪಿನ್ನು ಚುಚ್ಚಿತೇನೋ ಅಂತ ಅವಳು ಗಾಬರಿಯಾದಳು. ಹಳೆಯ ಬ್ಲೌಸ್ ವಾಪಸ್ ಕೊಡಲು ಬಂದಾಗ, ಇರಲಿ ಬಿಡು ಅಂದೆ. ಮೈ ಮತ್ತೆ ಬಂದುಬಿಟ್ಟರೆ ಎಂಬ ಭಯ ನನಗೆ.

ಅಕ್ಕ ಆಗಾಗ ಬರುತ್ತಿದ್ದಳು. ಮೊದಲೆಲ್ಲ ಹೊಸ್ತಿಲಲ್ಲೇ ನನ್ನ ಮೈ ನೋಡಿ ಬೈಗುಳ ಶುರು ಮಾಡುತ್ತಿದ್ದವಳು, ಈಗ ನನ್ನ ಉದುರಿದ ಕೂದಲು, ತಟ್ಟೆಯಲ್ಲಿನ ಎರಡು ತುತ್ತು ನೋಡಿ ಸುಮ್ಮನಾಗುತ್ತಿದ್ದಳು. ಹಸಿವಿಲ್ಲ ಅನ್ನುತ್ತಿದ್ದೆ. ಹೊಟ್ಟೆಕಿಚ್ಚು ಇವಳಿಗೆ, ದೇವರಾಣೆಗೂ ಹಾಗೇ ಅಂದುಕೊಂಡೆ. ಆಮೇಲೆ ಅವಳು ಬರುವುದೂ ಕಡಿಮೆಯಾಯಿತು.

ಅವಳ ಮಗಳ ಮದುವೆಗೆ ಎಂಟು ದಿನ ಇರುವಾಗ ಚಿಕ್ಕಮ್ಮನಾದ ನನ್ನ ಪಾಲಿನ ಸೀರೆ ಬಂತು, ಬ್ಲೌಸೂ ಹೊಲಿಸಿ ಕಳಿಸಿದ್ದಳು. ಹೊಲಿಗೆ ಆಪಾಳದೇ, ಆದರೆ ತೊಟ್ಟು ನೋಡಿದರೆ ನನ್ನಂಥ ಇಬ್ಬರು ಹಿಡಿಸುತ್ತಿದ್ದರು. ಅಕ್ಕ ಅಣಕಿಸುತ್ತಿದ್ದಾಳೆ ಅಂತ ಮೈಯೆಲ್ಲ ಉರಿದು, ನೇರ ಆಪಾಳ ಅಂಗಡಿಗೆ ಹೋಗಿ ಜಗಳಕ್ಕೆ ನಿಂತೆ.

ಆಪಾ ಮಿಷನ್ ನಿಲ್ಲಿಸಿದಳು. "ಹೊಸ ಅಳತೆ ಇದೆ ಅಂತ ನಾನ್ ಹೇಳ್ದೆ ಮೇಡಂ. ನಿಮ್ಮಕ್ಕ ಕೇಳ್ಲಿಲ್ಲ. ಹಳೇದಕ್ಕೇ ಹೊಲೀರಿ, ಅವಳು ಹುಷಾರಾಗಿ ಮೊದಲಿನ ಥರಾನೇ ಆಗ್ತಾಳೆ ಅಂದ್ರು. ಇಲ್ಲೇ ಕೂತ್ಕೊಂಡು ಅತ್ರು."

ಕ್ಯಾನ್ಸರ್ ಎಂಬ ಮಾತನ್ನು ನಮ್ಮ ಮನೆಯಲ್ಲಿ ಯಾರೂ ಆಡುವುದಿಲ್ಲ. ಹೆಸರು ಹೇಳಿದರೆ ಕರೆದ ಹಾಗಂತೆ. ಅಮ್ಮ ಹೀಗೇ ಊಟ ಸೇರದೆ ಸೊರಗಿ ಹೋದಾಗಲೂ ಕೊನೆಯವರೆಗೆ ಹುಷಾರಿಲ್ಲ ಅಂದಿದ್ದಷ್ಟೇ. ನನಗೂ ಅದೇ ಎಂಬ ಭಯಕ್ಕೆ ಅಕ್ಕ ಕೇಳಲಿಲ್ಲ. ನಾಚಿಕೆಗೆ ನಾನು ಹೇಳಲಿಲ್ಲ.

ಆಗಲೇ ಬಸ್ಸು ಹತ್ತಿ ಚಿಕ್ಕಬಾಣಾವರಕ್ಕೆ ಹೋದೆ. ಅಕ್ಕ ಅಡುಗೆಮನೆಯಲ್ಲಿ ಮದುವೆಯ ಅರಿಶಿನ ಕುಂಕುಮ ಪೊಟ್ಟಣ ಕಟ್ಟುತ್ತಿದ್ದಳು. ಬಾಗಿಲು ಹಾಕಿಕೊಂಡು ಒಂದೂ ಬಿಡದೆ ಹೇಳಿದೆ.

"ಹಾಗಾದ್ರೆ ನಿಂಗೇನೂ ಆಗಿಲ್ವಾ?" ಅಂದಳು.

ಇಲ್ಲ ಅಂದೆ. ತಬ್ಬಿಕೊಳ್ಳುತ್ತಾಳೆ ಅಂದುಕೊಂಡಿದ್ದೆ. ಅವಳು ಕೈಯಲ್ಲಿದ್ದ ಪೊಟ್ಟಣವನ್ನು ಪೂರ್ತಿ ಕಟ್ಟಿ ಪಕ್ಕಕ್ಕಿಟ್ಟಳು.

"ಆರು ತಿಂಗಳು ಬಚ್ಚಲಲ್ಲಿ ಒಬ್ಬಳೇ ಅತ್ತಿದ್ದೀನಿ ಕಣೇ, ಇವಳೂ ಅಮ್ಮನ ಹಿಂದೆ ಹೊರಟಳು ಅಂತ. ನಿನ್ನ ಮುಂದೆ ಅಳಬಾರ್ದು ಅಂತಲೇ ಬರೋದು ಬಿಟ್ಟೆ."

ಆ ಆರು ತಿಂಗಳೂ ನಾನು ಆರ್.ಟಿ. ನಗರದಲ್ಲಿ ಕೂತು, ನನಗೋಸ್ಕರ ಅಳುವವರು ಒಬ್ಬರೂ ಇಲ್ಲ ಅಂತ ಅಳುತ್ತಿದ್ದೆ. ಅದನ್ನು ಅವಳಿಗೆ ಹೇಳುವ ಮುಖ ನನಗಿರಲಿಲ್ಲ.