ಮಾವನ ಹೆಬ್ಬೆರಳು, ಅವ್ವನ ಎಡಗೈ

ಎಲೆಗೆ ಸುಣ್ಣ ಹಚ್ಚಿ ಹಚ್ಚಿ ನನ್ನ ಸೋದರಮಾವನ ಬಲಗೈ ಹೆಬ್ಬೆರಳು ಬೆಳ್ಳಗೆ ಬಿರಿದುಹೋಗಿತ್ತು. ಹಲಸಿನ ಹಣ್ಣಾಗಲಿ, ಹೊಸ ಕಂಬಳಿಯಾಗಲಿ, ಆ ಹೆಬ್ಬೆರಳಿನಿಂದ ಒತ್ತಿ ನೋಡಿ ತೀರ್ಪು ಕೊಡುವುದು ಅವನ ಪದ್ಧತಿ. ಆ ಪಂಚಮಿಯ ಮಧ್ಯಾಹ್ನ ಖಾನಾಪುರದ ತನ್ನ ಮನೆಯ ಪಡಸಾಲೆಯಲ್ಲಿ ಅವನು ಒತ್ತುತ್ತಿದ್ದದ್ದು ನಮ್ಮ ಅವ್ವನ ಎಡಗೈಯನ್ನು. ಚಾಪೆಯ ಮೇಲೆ ಅವ್ವ, ಪಕ್ಕದಲ್ಲಿ ನಾನು, ಅಡುಗೆಮನೆಯ ಬಾಗಿಲಲ್ಲಿ ಮಾವನ ಹೆಂಡತಿ, ಅಂದರೆ ನಮ್ಮ ಅತ್ತೆ. ಹೊಸ್ತಿಲ ಬಳಿ ಬುಟ್ಟಿ ಇಳಿಸಿಕೊಂಡು ಬಳೆಗಾರ್ತಿ ಕೂತಿದ್ದಳು. ಉಂಡಿ ತಿನ್ನಲು ಬಂದ ನೆರೆಯ ಹೆಂಗಸರಿಬ್ಬರು ಗೋಡೆಗೊರಗಿದ್ದರು.

"ನೋಡ್ರಿ, ಹೆಂಗ ಕುಳಿ ಬೀಳತೈತಿ! ಬೆರಳ ತಗದರೂ ತುಂಬವಲ್ದು. ನೀರದು, ಬರೇ ನೀರು" ಎಂದು ಮಾವ ಆ ಹೆಂಗಸರಿಗೆ ತೋರಿಸುತ್ತಿದ್ದ. ಹೊಲದಲ್ಲಿ ತಾನೇ ತೋಡಿಸಿದ ಬಾವಿ ತೋರಿಸುವವನ ಹೆಮ್ಮೆ ಅವನ ದನಿಯಲ್ಲಿತ್ತು. ಅವ್ವ ತಲೆ ತಗ್ಗಿಸಿಕೊಂಡು ಕೈ ಕೊಟ್ಟು ಕೂತಿದ್ದಳು.

ಹಿಂದಿನ ವರ್ಷ ಅವ್ವನಿಗೆ ಎದೆಯ ಕ್ಯಾನ್ಸರಿನ ಆಪರೇಷನ್ ಆಗಿತ್ತು. ಎಡ ಕಂಕುಳಿನ ಗಂಟುಗಳನ್ನೂ ತೆಗೆದಿದ್ದರು, ಆಮೇಲೆ ಕರೆಂಟು, ಅಂದರೆ ವಿಕಿರಣ ಚಿಕಿತ್ಸೆ, ಕೊಟ್ಟಿದ್ದರು. ತೋಳಿನ ನೀರು ಹರಿದುಹೋಗುವ ದಾರಿ ಕಟ್ಟಿದಂತಾಗಿ ಕೈ ಬಾತುಕೊಳ್ಳತೊಡಗಿತು. ನಾವಿರುವ ಬೆಳಗಾವಿಯ ನೆಹರು ನಗರದ ದವಾಖಾನೆಯಲ್ಲಿ ವ್ಯಾಯಾಮ ಕಲಿಸುವ ಹುಡುಗಿ ಕೈಗೆ ಬಿಗಿಯಾದ ತೋಳುಚೀಲ ಕೊಟ್ಟು, ಚರ್ಮವನ್ನು ಕೂಸಿನ ಕೆನ್ನೆ ಸವರಿದಷ್ಟು ಹಗುರಾಗಿ ಭುಜದ ಕಡೆಗೆ ಸವರುವುದನ್ನು ಕಲಿಸಿದ್ದಳು. "ಅವ್ವಾರ, ಈ ಕೈಗೆ ಗಾಯ ಆಗದಂಗ ನೋಡ್ಕೋರಿ. ಸೂಜಿ ಬ್ಯಾಡ, ಬಿಗಿ ಬಳಿ ಬ್ಯಾಡ. ಕೆಂಪಾಗಿ ಜ್ವರ ಬಂತಂದ್ರ ಮನಿ ಔಷಧ ಮಾಡ್ಕೋತ ಕುಂದರಬ್ಯಾಡ್ರಿ, ಬಂದಬಿಡ್ರಿ" ಎಂದಿದ್ದಳು. ಅವ್ವ ಹಾಗೆಯೇ ನಡೆದುಕೊಂಡಳು. ಕೈ ಅರ್ಧಕ್ಕರ್ಧ ಇಳಿದೂ ಇತ್ತು.

ಮಾವನಿಗೆ ಇದ್ಯಾವುದೂ ಸರಿಬರಲಿಲ್ಲ. ತನಗೆ ಗೊತ್ತಿಲ್ಲದ್ದನ್ನು ಇನ್ನೊಬ್ಬರು ತಿಳಿದುಕೊಂಡರೆ ಅವನಿಗೆ ತನ್ನ ಮನೆಯಲ್ಲಿ ಕಳವಾದಷ್ಟು ಸಂಕಟ. ತೋಳುಚೀಲ ನೋಡಿ, "ಕಾಲಿಗೆ ಹಾಕೂ ಸಾಕ್ಸ್ ಕೈಗೆ ಹಾಕಿ ಕಳಸ್ಯಾರಲ್ಲ! ನಾಳೆ ಕಿವಿಗೆ ಚಪ್ಪಲಿ ಹಾಕ್ತಾರ" ಎಂದು ಊರಿಗೆಲ್ಲ ಹೇಳಿಕೊಂಡು ನಕ್ಕ. ಆ ನಗೆಗೆ ಜೊತೆಗೂಡುವ ಜನ ಅವನ ಕಟ್ಟೆಯ ಮೇಲೆ ಸದಾ ಇರುತ್ತಿದ್ದರು. ಚಹಾ ಅತ್ತೆ ಮಾಡುತ್ತಿದ್ದಳು.

ಒಂದು ಮಾತು ಹೇಳದೆ ಹೋದರೆ ನನ್ನ ನಾಲಿಗೆ ಸುಳ್ಳಾದೀತು. ಅಪ್ಪನಿಗೆ ಉದ್ಯಮಬಾಗದ ಫೌಂಡ್ರಿಯಲ್ಲಿ ರಜೆ ಸಿಗದೆ ಹೋದಾಗ, ಅವ್ವನ ಕರೆಂಟಿನ ದಿನಗಳಲ್ಲಿ ಖಾನಾಪುರದಿಂದ ಬಸ್ಸು ಹಿಡಿದು ಬಂದು ಬಾಗಿಲ ಹೊರಗೆ ಕೂರುತ್ತಿದ್ದವನು ಇದೇ ಮಾವ. ಗರಿಗರಿ ಧೋತರ ಉಟ್ಟು, ಕಾವಲುಗಾರನಿಂದ ಹಿಡಿದು ನರ್ಸಿನವರೆಗೆ ಎಲ್ಲರನ್ನೂ ಗದರಿಸುತ್ತ, ಒಂದು ದಿನವೂ ತಪ್ಪಿಸಲಿಲ್ಲ. ತಂದೆಯಿಲ್ಲದ ತಂಗಿಯನ್ನು ಬೆಳೆಸಿದವನು ಅವನೇ. ಆದ್ದರಿಂದಲೇ ಆ ಕೈ ತನ್ನದು ಎಂದುಕೊಂಡಿದ್ದ.

ಇರಲಿ. ಪಂಚಮಿಯ ದಿನಕ್ಕೆ ಬರುತ್ತೇನೆ. "ತವರಿಗೆ ಬಂದ ಹೆಣ್ಮಗಳು ಬೋಳಗೈಲೆ ಹೊಳ್ಳಿ ಹೋಗಬಾರದು. ಎರಡೂ ಕೈತುಂಬ ಹಸರು ಬಳಿ ಏರಸು" ಎಂದು ಮಾವ ಬಳೆಗಾರ್ತಿಗೆ ಅಪ್ಪಣೆ ಕೊಟ್ಟ.

"ಸಾವ್ಕಾರ್ರ, ಎಡಗೈಗೆ ಅಳತಿ ಸಿಗೂದಿಲ್ರಿ. ಬಲಗೈಗಷ್ಟ ಇಡಸ್ತೀನಿ" ಎಂದಳು ಆಕೆ.

"ಅಳತಿ ಸಿಕ್ಕರ ನಾನೂ ಇಡಸ್ತೀನಿ. ನಿನ್ನ ಕಸಬಿಗೆ ಏನ ಕೆಲಸ?"

"ಮಾವಾ, ಆ ಕೈಗೆ ಬಳಿ ಬ್ಯಾಡಂತ ದವಾಖಾನ್ಯಾಗ ಹೇಳ್ಯಾರ" ಎಂದೆ ನಾನು.

"ದವಾಖಾನ್ಯಾವ್ರು ನಿಮ್ಮವ್ವಗ ಪಂಚಮಿ ಮಾಡ್ತಾರೇನ?" ಎಂದ. ನೆರೆಯವರು ನಕ್ಕರು. ನಾನು ಎದ್ದು ಅವ್ವನ ಕೈ ಹಿಡಿದುಕೊಂಡೆ. ಅವ್ವನೇ ನನ್ನ ಕೈ ಬಿಡಿಸಿದಳು. "ಸುಮ್ಕಿರವ್ವಾ. ಅಣ್ಣ ಪ್ರೀತೀಲೆ ಇಡಸಾಕ ಹತ್ಯಾನ."

ಮಾವ ಅತ್ತೆಗೆ ಸಾಬೂನು ತರಲು ಹೇಳಿದ. ಅತ್ತೆ ತಂದಳು. ಮಾವ ಹೇಳಿದ್ದನ್ನು ಆಕೆ ತರದೇ ಇದ್ದದ್ದನ್ನು ನಾನು ನೋಡಿಲ್ಲ. ಬಳೆಗಾರ್ತಿ ನೊರೆ ಹಚ್ಚಿ, ಹಿಚುಕಿ, ತಿರುಗಿಸಿ ಏರಿಸುವಾಗ ಒಂದು ಬಳೆ ಒಡೆದು ಅವ್ವನ ಮಣಿಕಟ್ಟಿನ ಮೇಲೆ ಗೀರಿತು. ಎಳ್ಳಿನಷ್ಟು ರಕ್ತ. "ಶುಭ ಆತು ಬಿಡು" ಎಂದ ಮಾವ. ಶುಭ ಅಶುಭಗಳೂ ಅವನ ಹೆಬ್ಬೆರಳಿನ ಕೆಳಗೇ ಇದ್ದವು.

ಮರುದಿನ ಸಂಜೆಗೆ ಕೈ ಮೊಳಕೈವರೆಗೆ ಕೆಂಪೇರಿ ಕುದಿಯುತ್ತಿತ್ತು. ಅವ್ವ ಎರಡು ಕೌದಿ ಹೊದ್ದರೂ ನಡುಗುತ್ತಿದ್ದಳು. ಮಾವ ಒತ್ತಿ ನೋಡಿದ. "ಕಾವು ಬಂದೈತಂದ್ರ ನೀರು ಆರಾಕ ಹತ್ತೈತಿ. ಇಟ್ಟಂಗಿ ಕಾಸಿ ಶಾಖ ಕೊಡ್ರಿ" ಎಂದ. ಅವನು ಇಟ್ಟಿಗೆ ಹುಡುಕಲು ಹಿತ್ತಲಿಗೆ ಹೋದಾಗ ನಾನು ಬಾಡಿಗೆ ಗಾಡಿ ಕರೆಸಿ ಅವ್ವನನ್ನು ಬೆಳಗಾವಿಗೆ ಕರೆತಂದೆ. ತಡ ಮಾಡಿದ್ದರೆ ನಂಜು ಮೈಗೆಲ್ಲ ಏರುತ್ತಿತ್ತು ಎಂದರು ಡಾಕ್ಟರು. ಬಲಗೈಗೆ ಸಲೈನು ಹಾಕಿ ಔಷಧಿ ಇಳಿಸಿದರು.

ಗಾಯ ಹೇಗಾಯಿತೆಂದು ವ್ಯಾಯಾಮದ ಹುಡುಗಿ ಕೇಳಿದಳು. "ಬಾಗಲಾ ತರಚಿತ್ರಿ" ಎಂದಳು ಅವ್ವ. ನಾನು ಬಾಯಿ ತೆರೆಯುವ ಮೊದಲೇ ನನ್ನ ಕಡೆ ನೋಡಿದಳು. ಯಾರಿಗಾಗಿ ಅವ್ವ ಆ ಸುಳ್ಳು ಹೇಳಿದಳೋ ಆ ಮಾವ ಮಾರನೆಯ ದಿನ ಎಳನೀರು ಹೊತ್ತು ಬಂದ. ಮಂಚದ ಪಕ್ಕ ಕೂತು, "ನಾ ಮೊದಲ ಹೇಳಿದ್ದೆ, ಆ ಸಾಕ್ಸಿನ ಕಾವಿಗೆ ಆಗೈತಿದು" ಎಂದು ಪಕ್ಕದ ಮಂಚದವರಿಗೆ ವಿವರಿಸಿದ. ಜೀವ ಉಳಿಯಿತು. ಕೈ ಮಾತ್ರ ಮತ್ತೆ ಮೊದಲಿನಂತೆ ಇಳಿಯಲಿಲ್ಲ. ದೊಡ್ಡ ಅಳತೆಯ ತೋಳುಚೀಲ ಬಂತು. ಅವ್ವನ ಕುಪ್ಪಸಗಳ ಎಡತೋಳು ಬಿಚ್ಚಿ ನಾನೇ ಅಗಲಿಸಿದೆ.

ಮುಂದಿನ ಚಳಿಗಾಲದಲ್ಲಿ ಮಾವ ತೀರಿಕೊಂಡ. ಕಟ್ಟೆಯ ಮೇಲೆ ಕೂತಲ್ಲಿಯೇ, ಯಾರಿಗೋ ಏನನ್ನೋ ತಿಳಿಸಿ ಹೇಳುತ್ತಿದ್ದಾಗ ಎದೆ ಹಿಡಿದುಕೊಂಡನಂತೆ. ನಾವು ಹೋಗುವಷ್ಟರಲ್ಲಿ ಅವನನ್ನು ಗೋಡೆಗೊರಗಿಸಿ ಕೂರಿಸಿ ವಿಭೂತಿ ಹಚ್ಚಿದ್ದರು. ಅವ್ವ ಅವನ ಆ ಹೆಬ್ಬೆರಳನ್ನು ಹಿಡಿದುಕೊಂಡು ಮನಸಾರೆ ಅತ್ತಳು.

ಮಣ್ಣು ಮಾಡಿ ಬಂದ ಮೇಲೆ ಹಿರಿಯ ಹೆಂಗಸರು ಅತ್ತೆಯನ್ನು ಹಿತ್ತಲ ಕಲ್ಲಿನ ಮುಂದೆ ಕೂರಿಸಿದರು. ಬಳೆ ಒಡೆಯುವ ಶಾಸ್ತ್ರ. ಒಬ್ಬಾಕೆ ಅತ್ತೆಯ ಮಣಿಕಟ್ಟು ಎಳೆದು ಕಲ್ಲಿನ ಮೇಲಿಟ್ಟಳು. ಅತ್ತೆ, ಸಾಬೂನು ತಂದುಕೊಟ್ಟ ಹಾಗೆಯೇ, ಕೈ ಕೊಟ್ಟಿದ್ದಳು. ಅವ್ವ ಗುಂಪಿನೊಳಗೆ ನುಗ್ಗಿ, ತೋಳುಚೀಲದ ಕೈಯನ್ನು ಅತ್ತೆಯ ಬಳೆಗಳ ಮೇಲೆ ಅಡ್ಡ ಇಟ್ಟಳು.

"ಏಳವಾ, ಕೈ ತಗಿ. ನಿಮ್ಮಣ್ಣಗ ಶಾಂತಿ ಸಿಗೂದು ಬ್ಯಾಡೇನ?" ಎಂದಳು ಹಿರಿಯಳು.

"ನಮ್ಮಣ್ಣನ ಹಟಕ್ಕ ಒಂದು ಬಳಿ ಒಡದು ನನ್ನ ಕೈ ಹಿಂಗಾಗೈತ್ರಿ" ಎಂದಳು ಅವ್ವ. ಹತ್ತು ಜನರೆದುರು ಆಕೆ ಅದನ್ನು ಹೇಳಿದ್ದು ಅದೇ ಮೊದಲು. "ಅಂವಗ ಅಷ್ಟ ಸಾಕು. ಏಳು ವೈನಿ, ಒಳಗ ನಡಿ."

ಅತ್ತೆ ಎದ್ದಳು.

ಈ ವರ್ಷ ಪಂಚಮಿಗೆ ಅತ್ತೆಯನ್ನು ಬೆಳಗಾವಿಗೆ ಕರೆಸಿಕೊಂಡಿದ್ದೆವು. ಬಳೆಗಾರ್ತಿಯನ್ನೂ ಮನೆಗೆ ಕರೆದೆವು. ಅತ್ತೆ ಎರಡೂ ಕೈತುಂಬ ಹಸಿರು ಬಳೆ ಇಡಿಸಿಕೊಂಡಳು. ಅವ್ವ ಬಲಗೈ ಚಾಚಿದಳು.