ಕುರ್ಚಿಯ ಮೇಲಿನ ಕಾಗದ

ನೈಜೀರಿಯಾದಿಂದ ಸಿಡಿದು ಬೇರೆಯಾದ ಬಿಯಾಫ್ರದ ಸೈನ್ಯ ಒಕ್ವುದಿಲಿಗೆ ಕೊಟ್ಟದ್ದು ಒಂದು ಬಂದೂಕು, ಐದು ಗುಂಡು, ಎರಡೂ ಎಡಗಾಲಿನವೇ ಆದ ಒಂದು ಜೊತೆ ಬೂಟು. ವಯಸ್ಸು ಹತ್ತೊಂಬತ್ತು. ಒನಿಚಾ ರಸ್ತೆಯ ಕಂದಕಕ್ಕೆ ಅವನ ಜೊತೆ ಇಳಿದವರು ಮೂವತ್ತೊಂದು ಜನ. ಈಗ ಗೆಣಸು ಸುಟ್ಟರೆ ಒಂಬತ್ತು ಪಾಲು ಮಾಡಿದರೆ ಸಾಕು.

ಅವ್ವ ಉಗೊಯೆ ವಿಧವೆ, ಇವನೊಬ್ಬನೇ ಮಗ. ಮನೆಯ ಹೆಸರು ಅಳಿಯಬಾರದೆಂದು ಅವಳು ಹೆಣ್ಣು ಗೊತ್ತುಮಾಡಿದ ಸುದ್ದಿಯನ್ನು ಉಪ್ಪು ಮಾರುವ ಉರಿದಿಯಾ ತಂದಳು. ಎರಡು ಸೈನ್ಯಗಳ ನಡುವೆ ನುಸುಳಿ ವ್ಯಾಪಾರ ಮಾಡುವ ಆ ಹೆಂಗಸಿನ ಬುಟ್ಟಿಯ ತಳದಲ್ಲೇ ಅವನ ಕಾಗದಗಳು ಓಡಾಡುತ್ತಿದ್ದವು. ಅವನು ಕೂಡಲೇ ಬರೆದ:

"ಅವ್ವಾ, ನನ್ನ ಹೆಸರಲ್ಲಿ ಯಾರನ್ನೂ ಮನೆ ತುಂಬಿಸ್ಕೋಬೇಡ. ನಾನು ಬರೋದು ಖಾತ್ರಿಯಿಲ್ಲ. ಸತ್ತವನ ಹೆಸರಿಗೆ ಮಕ್ಕಳು ಹೆರೋಕೆ ಅಂತ ಒಂದು ಹುಡುಗೀನ ಕಟ್ಟಿಹಾಕಬೇಡ."

ಮೂರು ವಾರದ ಮೇಲೆ ಬಂದ ಉತ್ತರದಲ್ಲಿ ಅಕ್ಷರಗಳು ದುಂಡಗಿದ್ದವು. ಓದುಬರಹ ಬಾರದ ಅವ್ವನಿಗೆ ಬರೆದುಕೊಡುತ್ತಿದ್ದ ಊರಿನ ಮೇಷ್ಟ್ರ ಕೈಬರಹವಲ್ಲ. ಬರೆದವಳು ಚಿನೆಲೊ, ಅದೇ ಹುಡುಗಿ. ಮೇಷ್ಟ್ರನ್ನು ಸೈನ್ಯಕ್ಕೆ ಹಿಡಿದುಕೊಂಡು ಹೋಗಿದ್ದರಿಂದ ಅವನ ಕಾಗದ ಓದುವವರೇ ಇರಲಿಲ್ಲವಂತೆ. ಒಪ್ಪಿಗೆಯೇ ಬಂದಿದೆಯೆಂದು ಅವ್ವ ಕಣ್ಣಿಗೊತ್ತಿಕೊಂಡಳಂತೆ. ಮದುವೆಯ ಹೆಂಡದ ಶಾಸ್ತ್ರದ ದಿನ ಹುಡುಗಿ ಬಟ್ಟಲನ್ನು ಗಂಡನ ಕೈಗೆ ಕೊಡಬೇಕು. ಅವನ ಬದಲು ಕೂರಲು ತಮ್ಮನೂ ಇಲ್ಲ. ಅವ್ವ ಒಡೆಯದ ಕಾಗದವನ್ನೇ ಕುರ್ಚಿಯ ಮೇಲಿಟ್ಟಳು. ಚಿನೆಲೊ ಅದರ ಮುಂದೆ ಮಂಡಿಯೂರಿ ಬಟ್ಟಲು ಹಿಡಿದಳು. ಕಾಗದ ಕುಡಿಯುತ್ತದೆಯೇ ಎಂದು ಗೊಣಗಿದ ಮುದಿ ದೊಡ್ಡಪ್ಪ, ಆ ತೊಡಕನ್ನು ತಾನೇ ಕುಡಿದು ಬಗೆಹರಿಸಿದ.

ಹುಡುಗಿಗೆ ಓದು ಬರುತ್ತದೆಯೇ ಎಂದು ಯಾರೂ ಕೇಳಿರಲಿಲ್ಲ. ಐದನೆಯ ತರಗತಿ ಮುಗಿಸಿದವಳು. ಗಂಡನ ಮನೆ ಸೇರಿದ ನಾಲ್ಕನೆಯ ದಿನ ಕಾಗದ ಒಡೆದು ಓದಿದಳು. ಉತ್ತರದ ಕೊನೆಗೆ ಬರೆದಿದ್ದಳು:

"ಏನು ಬರೆದಿದ್ದಾನೆ ಅಂತ ಅತ್ತೆ ಕೇಳಿದರು. ಸಂತೋಷವಾಗಿದ್ದಾರಂತೆ ಅಂದೆ. ಎರಡು ದಿನದಿಂದ ಉಂಡಿರಲಿಲ್ಲ, ಅವತ್ತು ಉಂಡರು. ನಿಮ್ಮನ್ನ ನಾನು ನೋಡಿಲ್ಲ. ಹೇಗಿದ್ದೀರಿ ಅಂತ ಬರೀರಿ."

ಒಕ್ವುದಿಲಿ ಕ್ಯಾಪ್ಟನ್ ಹತ್ತಿರ ಮೂರು ದಿನ ರಜೆ ಕೇಳಿದ. ತಾನೇ ಹೋಗಿ ಹಿರಿಯರೆದುರು ನಿಂತು ಒಲ್ಲೆ ಎಂದರೆ ಮಾತ್ರ ಅವಳು ತವರಿಗೆ ಮರಳಬಹುದಿತ್ತು. ಯುದ್ಧವನ್ನೇ ಅಪ್ಪಣೆ ಕೇಳಿ ನೋಡುತ್ತೇನೆ, ಅದು ಒಪ್ಪಿದರೆ ಹೋಗಿ ಬಾ ಎಂದು ಕ್ಯಾಪ್ಟನ್ ನಕ್ಕ.

"ಸತ್ತೋದ ಅಂತ ನಾನೇ ಬರೀತೀನಿ ಬಿಡೋ," ಎಂದ ಪಕ್ಕದ ಇಕೆದಿ. "ಹುಡುಗಿ ಪಾರಾಗ್ತಾಳೆ."

"ಸತ್ತರೆ ಇನ್ನೂ ಗಟ್ಟಿಯಾಗಿ ಹಿಡ್ಕೋತಾರೆ. ತಂದಿರೋದೇ ಅದಕ್ಕೆ."

ಇಕೆದಿ ಲೆಕ್ಕ ಹಾಕಿದ. "ಹಂಗಾದ್ರೆ ಬದುಕಿರು," ಎಂದ, ಬದುಕು ಸಂತೆಯಲ್ಲಿ ಸಿಗುವ ಸಾಮಾನೆಂಬ ಹಾಗೆ.

ಬಾಂಬು ಹಾಕುವ ವಿಮಾನ ಬರುವುದರೊಳಗೆ ಹೊರಡಬೇಕೆಂದು ಉರಿದಿಯಾ ಬುಟ್ಟಿ ಎತ್ತಿ ನಿಂತಿದ್ದಳು. ಒಕ್ವುದಿಲಿ ಕನ್ನಡಿ ನೋಡಿ ವರ್ಷವಾಗಿತ್ತು. ತಾನು ಹೇಗಿದ್ದೇನೆಂದು ಇಕೆದಿಯನ್ನೇ ಕೇಳಬೇಕಾಯಿತು. ಇಕೆದಿ ಬಹಳ ಹೊತ್ತು ನೋಡಿದ.

"ಕಿವಿ ದೊಡ್ಡವು. ಮಿಕ್ಕಿದ್ದು ಹೇಳೋಕೆ ಏನೂ ಉಳಿದಿಲ್ಲ ಕಣೋ."

ಒಕ್ವುದಿಲಿ ಅಷ್ಟನ್ನೇ ಬರೆದ. ಕೆಳಗೆ ಕಾಯಬೇಡ ಎಂದು ಬರೆಯಲು ಹೋದ. ಕಾಯುವುದು ಬಿಡುವುದು ಅವಳ ಕೈಯಲ್ಲೂ ಇರಲಿಲ್ಲ. ಪೆನ್ಸಿಲ್ ಕಿಸೆಗೆ ಹಾಕಿ ಕಾಗದ ಮಡಚಿ ಕೊಟ್ಟ.