ವಾಡಿಯ ಸರ್ವರಿಗೆ ಸೂಟಿ

ಇವತ್ತು ಬೆಳಿಗ್ಗೆ ಕಂಪ್ಯೂಟರ್ ಕೋಣೆಯ ಬಾಗಿಲು ತೆರೆದರೆ ಚೆಂಡುಹೂವಿನ ವಾಸನೆ ಮುಖಕ್ಕೆ ಬಡಿಯಿತು. ಖಂಡೇ ಪೂಜೆಯ, ಅಂದರೆ ಆಯುಧಪೂಜೆಯ ಹೂವು, ರಜೆಯಲ್ಲಿ ಮುಚ್ಚಿದ ಕೋಣೆಯೊಳಗೆ ಅರ್ಧ ಬಾಡಿ ಅರ್ಧ ಕೊಳೆತು ಕೂತಿತ್ತು. ಈ ವಾಸನೆ ಬಂದರೆ ಮೊದಲು ನನ್ನ ಎದೆ ಧಸಕ್ಕೆನ್ನುತ್ತದೆ, ಆಮೇಲೆ ಮೀಸೆ ತಿರುವುವಷ್ಟು ಖುಷಿಯಾಗುತ್ತದೆ. ಎರಡಕ್ಕೂ ಕಾರಣ ಒಂದೇ. ಕುಳಿತುಕೊಳ್ಳಿ, ಹೇಳುತ್ತೇನೆ.

ನಮ್ಮ ಸಂಸ್ಥೆಗೆ ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ, ಚಿಂಚೋಳಿ ಎಂದು ಐದು ಊರುಗಳಲ್ಲಿ ಶಾಲೆಗಳಿವೆ. ಸೇಡಂನ ಮುಖ್ಯ ಕಚೇರಿಯಲ್ಲಿ ಕಂಪ್ಯೂಟರ್ ನೋಡಿಕೊಳ್ಳುವವನು ನಾನು. ಒಂದು ಕಾಲಕ್ಕೆ ಐದೂ ಶಾಲೆಗಳ ಹಳೆಯ ದಾಖಲಾತಿ ರಜಿಸ್ಟರುಗಳನ್ನು ಗೆದ್ದಲು ತಿನ್ನತೊಡಗಿತ್ತು. ಯಾರು ಯಾವಾಗ ಹುಟ್ಟಿದರು, ಯಾವ ಇಯತ್ತೆವರೆಗೆ ಓದಿದರು ಎಂಬುದಕ್ಕೆ ಆ ಪುಟಗಳೇ ಆಧಾರ. ನಾನು ಒಂದೊಂದು ಪುಟವನ್ನೂ ಸ್ಕ್ಯಾನ್ ಮಾಡಿದೆ. ಉಳಿದ ಚಿಂದಿಯನ್ನು ಎಸೆಯಬಹುದು ಎಂದು ಮೇಲಿನವರಿಗೆ ಭರವಸೆ ಕೊಟ್ಟವನೂ ನಾನೇ. ಎಸೆದರು.

ಆಮೇಲೆ ಐದೂ ಕಚೇರಿಗಳಲ್ಲಿ ಒಂದೊಂದು ಸರ್ವರ್ ಕೂಡಿಸಿ, ಒಂದರಲ್ಲಿ ಫೈಲು ಇಟ್ಟರೆ ಉಳಿದ ನಾಲ್ಕರಲ್ಲೂ ತಾನಾಗಿಯೇ ನಕಲು ಬೀಳುವ ಹಾಗೆ ಮಾಡಿದೆ. ಅದು ಮೊದಲ ಸಲ ಕೆಲಸ ಮಾಡಿದ ದಿನ ಊಟ ರುಚಿಸಲಿಲ್ಲ, ಅಷ್ಟು ಹೆಮ್ಮೆ. ಸೇಡಂನಲ್ಲಿ ಸೀನಿದರೆ ಚಿಂಚೋಳಿಯಲ್ಲಿ ಮೂಗು ಒರೆಸಿಕೊಳ್ಳಬೇಕು, ಹಾಗಿದೆ ನನ್ನ ವ್ಯವಸ್ಥೆ ಎಂದು ಸಿಕ್ಕಸಿಕ್ಕವರ ಮುಂದೆ ಹೇಳಿಕೊಂಡು ತಿರುಗಿದೆ. ಹೆಂಡತಿಯಂತೂ ಈ ಮಾತನ್ನು ಎಷ್ಟು ಸಲ ಕೇಳಿದಳೋ, ಕೊನೆಗೆ ನಾನು ನಿಜವಾಗಿ ಸೀನಿದರೂ ಚಿಂಚೋಳಿಗೆ ಫೋನ್ ಹಚ್ಚಲೇ ಎಂದು ಕೇಳತೊಡಗಿದಳು.

ನನ್ನ ಈ ಸಾಮ್ರಾಜ್ಯದಲ್ಲಿ ಒಬ್ಬರೇ ಒಬ್ಬರು ಮಾತು ಕೇಳದವರು. ವಾಡಿ ಕಚೇರಿಯ ಹಿರಿಯ ಗುಮಾಸ್ತ ಮೆಹಬೂಬಸಾಬರು. ಪ್ರತಿವರ್ಷ ಖಂಡೇ ಪೂಜೆಯ ದಿನ ಅವರು ಸರ್ವರಿನ ಧೂಳು ಒರೆಸಿ, ಎಲ್ಲ ವೈರುಗಳನ್ನೂ ಕಿತ್ತಿಡುತ್ತಿದ್ದರು. ಕುಂಕುಮ ಹಚ್ಚುವುದು ಅಲ್ಲಿನ ಟೀಚರಮ್ಮನ ಪಾಲು, ಹೂವಿನ ಹಾರ ಇವರ ಪಾಲು. ಪೇಡೆ ಎಲ್ಲರ ಪಾಲು. ಹಬ್ಬ ಮುಗಿದು ಕಚೇರಿ ತೆರೆಯುವವರೆಗೆ ಆ ಸರ್ವರ್ ಉಸಿರಾಡುತ್ತಿರಲಿಲ್ಲ. ನಾನು ಫೋನಿನಲ್ಲಿ ರೇಗಿದ್ದೆ.

"ಸಾಹೇಬ್ರ, ಸರ್ವರ್ ಅಂದ್ರ ಎಂದೂ ನಿಂದರಬಾರದ್ರಿ. ಮತ್ತ ಯಾಕ ವೈರ್ ತೆಗೀತೀರಿ?"

"ಸರ, ಕುಡಗೋಲಿಗೆ ಸೂಟಿ ಅದ, ಹೊಲಿಗಿ ಮಷೀನಿಗೆ ಸೂಟಿ ಅದ. ವರ್ಷಪೂರ್ತಿ ದುಡಿದದ್ದು, ಇದೂ ಒಂದೆರಡು ದಿನ ಕುಂದರ್ಲಿ ಬಿಡ್ರಿ."

ಲಿಖಿತ ತಾಕೀತು ಕಳಿಸಿದೆ. ಅವರು ಅದನ್ನು ಬಹಳ ಗೌರವದಿಂದ ಫೈಲಿಗೆ ಹಚ್ಚಿಟ್ಟರು.

ಮೂರು ವರ್ಷದ ಹಿಂದಿನ ಖಂಡೇ ಪೂಜೆ. ಇಲ್ಲಿ ಸೇಡಂನಲ್ಲಿ ಎಲ್ಲರೂ ಕಪಾಟು ಕೊಡವುತ್ತಿದ್ದರು. ನಾನೂ ಸುಮ್ಮನಿರಲಾರದೆ ಸರ್ವರಿನ ಒಳಗೇ ಸ್ವಚ್ಛತೆಗೆ ಇಳಿದೆ. ಜಾಗ ತುಂಬಿತ್ತು. ಹಳೆಯ ರಜಿಸ್ಟರುಗಳ ಫೋಲ್ಡರ್ ಎಲ್ಲಕ್ಕಿಂತ ದೊಡ್ಡದು. ಇನ್ನೂ ನಾಲ್ಕು ಊರುಗಳಲ್ಲಿ ಇದೆಯಲ್ಲ, ಇಲ್ಲಿ ಯಾಕೆ ಎಂದು ಅಳಿಸಿದೆ. ಹಬ್ಬದ ಕಸ ಮನೆಯೊಳಗೆ ಇರಬಾರದು ಎಂದು ಕಸದ ಬುಟ್ಟಿಯನ್ನೂ ಖಾಲಿ ಮಾಡಿದೆ. ಒಂದು ಕಡೆ ಆದದ್ದು ಎಲ್ಲ ಕಡೆಯೂ ಆಗುವಂತೆ ಮಾಡಿಟ್ಟವನು ನಾನೇ ಎಂಬುದು ಆ ಗಳಿಗೆಯಲ್ಲಿ ಹೊಳೆಯಲಿಲ್ಲ ನೋಡಿ. ಇಟ್ಟದ್ದು ನಕಲಾದರೆ ಅಳಿಸಿದ್ದೂ ನಕಲಾಗುತ್ತದೆ. ಕೈ ತೊಳೆದುಕೊಂಡು ಪೇಡೆ ತಿಂದೆ.

ರಜೆ ಮುಗಿದು ಕಚೇರಿ ತೆರೆದ ದಿನ ಚಿಂಚೋಳಿಯಿಂದ ಫೋನ್ ಬಂತು. ಕೊಡ್ಲಿ ಊರಿನ ಶರಣಮ್ಮ ಎಂಬ ಹೆಣ್ಣುಮಗಳು ಅಲ್ಲಿ ಕೂತಿದ್ದಳು. ಹಾಸ್ಟೆಲಿನಲ್ಲಿ ಅಡುಗೆ ಕೆಲಸ ಸಿಕ್ಕಿತ್ತು, ಹುಟ್ಟಿದ ತಾರೀಖಿನ ದಾಖಲೆಯನ್ನು ಅಂದೇ ಐದು ಗಂಟೆಯೊಳಗೆ ಒಪ್ಪಿಸಬೇಕಿತ್ತು. ಗುಮಾಸ್ತ ಹುಡುಕಿದರೆ ಫೋಲ್ಡರೇ ಇಲ್ಲ. ಆಕೆ ಫೋನ್ ಇಸಿದುಕೊಂಡು ಮಾತಾಡಿದಳು.

"ಸರ, ನಾ ಇದೇ ಸಾಲ್ಯಾಗ ಏಳನೇತ್ತ ತನಕ ಕಲ್ತೀನ್ರಿ. ನನ್ನ ಹೆಸರು ಎಲ್ಲಿಗಿ ಹೋಗ್ತದ್ರಿ?"

ಎಲ್ಲಿಗೆ ಹೋಗಿದೆ ಎಂದು ನನಗೆ ಚೆನ್ನಾಗಿ ಗೊತ್ತಾಯಿತು. ಚಿತ್ತಾಪುರಕ್ಕೆ ಫೋನ್ ಮಾಡಿದೆ, ಇಲ್ಲ. ಶಹಾಬಾದಕ್ಕೆ ಮಾಡಿದೆ, ಅಲ್ಲೂ ಇಲ್ಲ. ಕಾಗದ ಗೆದ್ದಲಿಗೆ, ಫೈಲು ನನಗೆ. ಐದು ಊರುಗಳ ಮಕ್ಕಳ ಹೆಸರನ್ನು ಗೆದ್ದಲಿಗಿಂತ ಚೊಕ್ಕಟವಾಗಿ ತಿಂದು ಮುಗಿಸಿದ್ದೆ. ಕೊನೆಗೆ ವಾಡಿ ನೆನಪಾಯಿತು.

"ಸಾಹೇಬ್ರ, ಸರ್ವರ್ ಚಾಲೂ ಮಾಡೀರೇನು?"

"ಇನ್ನ ಇಲ್ರಿ ಸರ. ಹಾರ ತೆಗೀಲಿಕತ್ತೀನಿ. ಸಿಟ್ಟಾಗಬ್ಯಾಡ್ರಿ, ಈಗ ವೈರ್ ಹಚ್ಚಿಬಿಡ್ತೀನಿ."

"ಹಚ್ಚಬ್ಯಾಡ್ರಿ. ನಿಮ್ಮ ಕೈ ಮುಗೀತೀನಿ, ಯಾವ ವೈರನೂ ಮುಟ್ಟಬ್ಯಾಡ್ರಿ."

ಇಂಟರ್‌ನೆಟ್ಟಿನ ವೈರು ಹಚ್ಚಿದ್ದರೆ ಆ ಸರ್ವರೂ ಉಳಿದವುಗಳನ್ನು ನೋಡಿ ತನ್ನ ಫೋಲ್ಡರನ್ನು ಅಳಿಸಿಕೊಳ್ಳುತ್ತಿತ್ತು. ಅದನ್ನೆಲ್ಲ ಅವರಿಗೆ ಹೇಳಿದೆ. ಆಮೇಲೆ ಸಾಹೇಬರು ಕೇಳಿದರು:

"ಹಂಗಾದ್ರ ಸೂಟಿ ಮಂಜೂರೇನ್ರಿ ಸರ?"

ಊಟದ ಚೀಲದಲ್ಲಿ ಹಾರ್ಡ್ ಡಿಸ್ಕ್ ಹಾಕಿಕೊಂಡು ರೈಲು ಹತ್ತಿದೆ. ಸೇಡಂನಿಂದ ವಾಡಿ ದೂರವೇನಲ್ಲ, ಆದರೆ ಅಂದು ಚಿತ್ತಾಪುರ ಬರುವುದೇ ಒಂದು ಯುಗವಾಯಿತು. ಹೋಗಿ ನೋಡಿದರೆ ಸಾಹೇಬರು ಸರ್ವರಿನ ಮುಂದೆ ಸ್ಟೂಲ್ ಹಾಕಿಕೊಂಡು, ಯಾರೂ ಹತ್ತಿರ ಸುಳಿಯದ ಹಾಗೆ ಕಾವಲು ಕೂತಿದ್ದರು. ನೆಟ್ಟಿನ ವೈರನ್ನು ಜೇಬಿನಲ್ಲೇ ಇಟ್ಟುಕೊಂಡಿದ್ದರು. ಕರೆಂಟಿನ ವೈರನ್ನು ಮಾತ್ರ ಹಚ್ಚಿದೆವು.

ಫೋಲ್ಡರ್ ಇತ್ತು. ಚಿಂಚೋಳಿ ಇತ್ತು, ಶಹಾಬಾದ ಇತ್ತು, ಎಲ್ಲವೂ ಇತ್ತು. ಎಲ್ಲವನ್ನೂ ಡಿಸ್ಕಿಗೆ ಇಳಿಸುವ ಮೊದಲು ಶರಣಮ್ಮನ ಪುಟ ಹುಡುಕಿದೆ. ಅಂಚು ಗೆದ್ದಲು ತಿಂದದ್ದು, ಹೆಸರು, ಹುಟ್ಟಿದ ತಾರೀಖು ಇಡಿಯಾಗಿ ಉಳಿದದ್ದು. ಮೊಬೈಲಿನಲ್ಲಿ ಫೋಟೋ ತೆಗೆದು ಚಿಂಚೋಳಿಗೆ ಕಳಿಸಿದೆ. ಅಲ್ಲಿಯ ಗುಮಾಸ್ತ ಅದನ್ನು ನೋಡಿ ದಾಖಲೆ ಬರೆದು ಸಹಿ, ಮುದ್ರೆ ಮಾಡಿಸಿ ಕೊಟ್ಟ. ನಾಲ್ಕೂವರೆಗೆ, ದಾಖಲೆ ಒಪ್ಪಿಸಬೇಕಿದ್ದ ಚಂದಾಪುರದ ಕಚೇರಿಯಿಂದ ಶರಣಮ್ಮನೇ ಫೋನ್ ಮಾಡಿದಳು. "ತೊಗೊಂಡ್ರು ಸರ" ಎಂದಳು. ಸಾಹೇಬರನ್ನು ಅಪ್ಪಿಕೊಂಡೆ, ನಾಚಿಕೆಯಿಲ್ಲದೆ ಅತ್ತೆ, ಆಮೇಲೆ ಇಬ್ಬರೂ ಸೇರಿ ಎರಡೆರಡು ಪ್ಲೇಟ್ ಭಜಿ ತಿಂದೆವು. ಅಂಥ ಭಜಿ ಮತ್ತೆಲ್ಲೂ ಸಿಕ್ಕಿಲ್ಲ.

ಆಡಳಿತ ಮಂಡಳಿಯ ಮುಂದೆ ತಪ್ಪು ಒಪ್ಪಿಕೊಂಡೆ. ಅಂದಿನಿಂದ ವಾಡಿಯ ಸರ್ವರಿಗೆ ಅಧಿಕೃತವಾಗಿ ಸೂಟಿ. ವಾರದಲ್ಲಿ ಶನಿವಾರವೊಂದೇ ದಿನ, ಉಳಿದ ನಾಲ್ಕರಲ್ಲಿ ಏನೂ ಕಾಣೆಯಾಗಿಲ್ಲ ಎಂದು ಖಾತ್ರಿ ಮಾಡಿಕೊಂಡ ಮೇಲೆ ಅದಕ್ಕೆ ವೈರು.

ಬರುವ ತಿಂಗಳು ಮೆಹಬೂಬಸಾಬರ ನಿವೃತ್ತಿ. ಅವರ ಕುರ್ಚಿ ನನಗೆ ಬೇಕೆಂದು ಅರ್ಜಿ ಬರೆದಿದ್ದೆ. ಮುಖ್ಯ ಕಚೇರಿ ಬಿಟ್ಟು ಯಾರಾದರೂ ವಾಡಿಗೆ ಹೋಗುತ್ತಾರೆಯೇ ಎಂದು ಎಲ್ಲರೂ ನಕ್ಕರು. ಇವತ್ತು ಹೂವು ತೆಗೆಯುತ್ತಿದ್ದಾಗ ಮಂಜೂರಾತಿ ಕೈಸೇರಿತು. ಕೂಡಲೇ ಸಾಹೇಬರಿಗೆ ಫೋನ್ ಮಾಡಿದೆ.

"ಬರ್ರಿ ಸರ" ಎಂದರು. "ಇಲ್ಲಿ ಕೆಲಸ ಭಾಳ ಇಲ್ಲ. ವೈರ್ ಯಾವಾಗ ತೆಗೀಬೇಕು ಅಂಬೋದು ಗೊತ್ತಿದ್ರ ಸಾಕು."

"ಗೊತ್ತದ್ರಿ" ಎಂದೆ. ಸರ್ವರಿನ ವಿಷಯದಲ್ಲಿ ಅವರೆದುರು ಅಷ್ಟು ಧೈರ್ಯವಾಗಿ ಹೇಳಿದ್ದು, ಆ ಘಟನೆಯಾದ ಮೇಲೆ, ಇದೇ ಮೊದಲು.